ಕೊಯ್ಯಲು ವೈರು, ಬಿಗಿಯಲು ಬ್ಯಾಟರಿ

ಪ್ರಶ್ನೆ: ನಮ್ಮದು ಜಿಲ್ಲಾ ಕೇಂದ್ರವೊಂದರ ಹವ್ಯಾಸಿ ನಾಟಕ ತಂಡ. ವರ್ಷಕ್ಕೆ ಒಂದೆರಡು ಹೊಸ ನಾಟಕ, ಸುತ್ತಲಿನ ಊರುಗಳಲ್ಲಿ ಮರುಪ್ರದರ್ಶನ. ಇದುವರೆಗೆ ಊರಿನ ಹಿರಿಯ ಬಡಗಿಯೊಬ್ಬರು ರಂಗಸಜ್ಜಿಕೆ ಮಾಡಿಕೊಡುತ್ತಿದ್ದರು. ಇನ್ನು ನಾವೇ ಮಾಡಿಕೊಳ್ಳಬೇಕೆಂದು 40,000 ರೂಪಾಯಿ ಕೂಡಿಸಿದ್ದೇವೆ. ಅಂಗಡಿಯವರು ಡ್ರಿಲ್, ಸರ್ಕ್ಯುಲರ್ ಗರಗಸ, ಗ್ರೈಂಡರ್, ಎರಡು ಬ್ಯಾಟರಿ ಮತ್ತು ಒಂದು ಚಾರ್ಜರ್ ಇರುವ ಕಾರ್ಡ್‌ಲೆಸ್ ಕಿಟ್ ತೋರಿಸಿದರು. ಬಡಗಿ ಮಾತ್ರ ಬ್ಯಾಟರಿಯ ಯಂತ್ರಗಳೆಲ್ಲ ಆಟಿಕೆ ಎನ್ನುತ್ತಾರೆ. ಯಾರ ಮಾತು ಕೇಳಬೇಕು? 12 ವೋಲ್ಟ್ ಸಾಕೇ, 18 ಬೇಕೇ? ತಂಡದವರೊಬ್ಬರ ಅಣ್ಣ ಅಮೆರಿಕದಿಂದ ತಂದುಕೊಡುವುದಾಗಿ ಹೇಳುತ್ತಿದ್ದಾರೆ. ತರಿಸಬಹುದೇ?

ಉತ್ತರ: ಆ ಕಿಟ್ ಕೊಳ್ಳಬೇಡಿ. ಅದರಲ್ಲಿರುವ ಯಂತ್ರಗಳು ಕೆಟ್ಟವೆಂದಲ್ಲ. ಅದನ್ನು ಜೋಡಿಸಿದವರ ಕಣ್ಣ ಮುಂದಿದ್ದವನು ಹೊಸ ಮನೆಗೆ ಅಡುಗೆಮನೆಯ ಕಪಾಟು ಕೂರಿಸುವ ಕೆಲಸಗಾರ, ನಾಟಕದವನಲ್ಲ. ಮೂರು ಯಂತ್ರಗಳಲ್ಲಿ ನಿಮಗೆ ದಿನವೂ ಬೇಕಾದದ್ದು ಡ್ರಿಲ್ ಒಂದೇ. ಗರಗಸಕ್ಕೆ ಬ್ಯಾಟರಿಯ ಅಗತ್ಯವೇ ಇಲ್ಲ. ಗ್ರೈಂಡರ್ ರಂಗದ ಮೇಲೆ ಬರಲೇಕೂಡದ ವಸ್ತು. ನಿಮಗೆ ಎಲ್ಲಕ್ಕಿಂತ ಹೆಚ್ಚು ಬೇಕಾದ ಇಂಪ್ಯಾಕ್ಟ್ ಡ್ರೈವರ್, ಅಂದರೆ ಪೆಟ್ಟು ಕೊಡುತ್ತಾ ಸ್ಕ್ರೂ ಬಿಗಿಯುವ ಬಿಚ್ಚುವ ಯಂತ್ರ, ಆ ಪೆಟ್ಟಿಗೆಯಲ್ಲೇ ಇಲ್ಲ.

ಮನೆಯ ಬಡಗಿ ಬಾಗಿಲಿಗೆ ಹಾಕಿದ ಸ್ಕ್ರೂ ಮುಂದಿನ ಮೂವತ್ತು ವರ್ಷ ಅಲ್ಲೇ ಇರಬೇಕು. ನಮ್ಮ ಸ್ಕ್ರೂ ಅದೇ ರಾತ್ರಿ ಹೊರಗೆ ಬರಬೇಕು. ಫ್ಲ್ಯಾಟು (ಗೋಡೆಯಂತೆ ನಿಲ್ಲಿಸುವ ಚೌಕಟ್ಟು), ಲೆವೆಲ್ಲು (ನಟರು ಹತ್ತಿ ನಿಲ್ಲುವ ಜಗುಲಿ), ಮೆಟ್ಟಿಲು, ಕಿಟಕಿಯ ಚೌಕಟ್ಟು ಎಲ್ಲವೂ ಬಿಚ್ಚಿ, ಹೊತ್ತು, ಲಾರಿಗೆ ತುಂಬಿ, ಇನ್ನೊಂದು ಊರಲ್ಲಿ ಮತ್ತೆ ಬಿಗಿಯಬೇಕಾದವು. ಆದ್ದರಿಂದ ನಮ್ಮ ಮರಗೆಲಸಕ್ಕೆ ಎರಡು ಪಾಲು. ಕೊಯ್ಯುವುದು ಒಂದೇ ಸಲ, ಅದೂ ಪ್ರದರ್ಶನಕ್ಕೆ ವಾರ ಮುಂಚೆ, ಪ್ಲಗ್ ಇರುವ ಜಾಗದಲ್ಲಿ, ನಿಧಾನವಾಗಿ. ಬಿಗಿಯುವುದು ಬಿಚ್ಚುವುದು ಮಾತ್ರ ಪ್ರತಿ ಪ್ರದರ್ಶನಕ್ಕೂ, ಅಪರಿಚಿತ ಜಾಗದಲ್ಲಿ, ಗಡಿಯಾರ ನೋಡುತ್ತಾ. ಮೊದಲನೆಯದನ್ನು ವೈರಿನ ಯಂತ್ರಕ್ಕೆ ಬಿಡಿ, ಎರಡನೆಯದಕ್ಕೆ ಬ್ಯಾಟರಿ ಕೊಳ್ಳಿ. ನಾನು ಮುಂದೆ ಹೇಳುವುದೆಲ್ಲ ಇದರ ವಿವರವೇ.

ಲೆಕ್ಕ ಹಾಕಿ ನೋಡಿ. ಆಂಪಿಯರ್-ಅವರ್ ಎಂದರೆ ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯುತ್ತದೆಂಬ ಅಳತೆ, ಅದನ್ನು ವೋಲ್ಟಿನಿಂದ ಗುಣಿಸಿದರೆ ವ್ಯಾಟ್-ಅವರ್. 18 ವೋಲ್ಟಿನ 5 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಇರುವುದು 90 ವ್ಯಾಟ್-ಅವರ್ ಶಕ್ತಿ. ಏಳು ಅಂಗುಲದ ವೈರಿನ ಸರ್ಕ್ಯುಲರ್ ಗರಗಸ ಸಾಮಾನ್ಯವಾಗಿ 1,200 ವ್ಯಾಟಿನ ಆಸುಪಾಸಿನದು. ಅದೇ ಕೆಲಸವನ್ನು ಅದೇ ರಭಸದಲ್ಲಿ ಬ್ಯಾಟರಿಯಿಂದ ಮಾಡಿಸಿದರೆ ನಾಲ್ಕೂವರೆ ನಿಮಿಷಕ್ಕೆ ಖಾಲಿ. ಬ್ಯಾಟರಿ ಗರಗಸದ ಅಲಗು ಚಿಕ್ಕದು, ತೆಳುವಾದದ್ದು, ಅದು ಅಷ್ಟು ಶಕ್ತಿ ಎಳೆಯುವುದಿಲ್ಲ, ನಿಜ. ಹಾಗಿದ್ದರೂ 18 ಮಿಲಿಮೀಟರ್ ಪ್ಲೈವುಡ್ಡಿನ ಎಂಟಡಿ ಉದ್ದದ ಸೀಳುಗಳನ್ನು ಒಂದರ ಹಿಂದೊಂದು ಕೊಯ್ಯುತ್ತಾ ಹೋದರೆ ಮಧ್ಯಾಹ್ನದೊಳಗೆ ನೀವು ಚಾರ್ಜರಿನ ಮುಂದೆ ಕೈಕಟ್ಟಿ ಕೂತಿರುತ್ತೀರಿ. ಸ್ಕ್ರೂವಿನ ಲೆಕ್ಕವೇ ಬೇರೆ. ಒಂದೂವರೆ ಅಂಗುಲದ ಸ್ಕ್ರೂ ರೀಪರಿನೊಳಗೆ, ಅಂದರೆ ಮರದ ಸಣ್ಣ ಪಟ್ಟಿಯೊಳಗೆ, ಇಳಿಯಲು ಒಂದೆರಡು ಸೆಕೆಂಡು ಸಾಕು. ಚಿಕ್ಕ 2 ಆಂಪಿಯರ್-ಅವರ್ ಬ್ಯಾಟರಿಯೂ ಒಂದು ಚಾರ್ಜಿನಲ್ಲಿ ನೂರಾರು ಸ್ಕ್ರೂ ಇಳಿಸುತ್ತದೆ. ಹವ್ಯಾಸಿ ತಂಡದ ಒಂದು ಸೆಟ್ಟಿನಲ್ಲಿ ಅಷ್ಟು ಸ್ಕ್ರೂಗಳೇ ಇರುವುದಿಲ್ಲ.

ಇನ್ನು ರಂಗಮಂದಿರದ ಪರಿಸ್ಥಿತಿ. ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರವಾಗಲಿ, ನಿಮ್ಮೂರ ಪುರಭವನವಾಗಲಿ, ಹವ್ಯಾಸಿಗಳ ಕೈಗೆ ಸಿಗುವುದು ಪ್ರದರ್ಶನದ ದಿನ ಮಾತ್ರ. ಬೆಳಿಗ್ಗೆ ಸೆಟ್, ಮಧ್ಯಾಹ್ನ ಬೆಳಕು, ಸಂಜೆಗೆ ಇಡೀ ನಾಟಕದ ಒಂದು ತಾಲೀಮು. ರಂಗಶಂಕರದಂಥ ಕಡೆ ಏಳೂವರೆ ಎಂದರೆ ಏಳೂವರೆಯೇ. ತಡವಾಗಿ ಬಂದ ಪ್ರೇಕ್ಷಕನನ್ನೇ ಒಳಗೆ ಬಿಡದ ಮನೆಯಲ್ಲಿ ತಡವಾದ ಬಡಗಿಗೆ ಕ್ಷಮೆ ಎಲ್ಲಿ? ಬೆಳಕಿನವರು ದೀಪ ಹೊಂದಿಸಲು ಆಗಾಗ ಪೂರ್ತಿ ಕತ್ತಲು ಮಾಡುತ್ತಾರೆ. ನೆಲದ ಮೇಲೆ ದೀಪಗಳ ಬೆಳಕು ಏರಿಳಿಸುವ ಡಿಮ್ಮರಿನ ಕೇಬಲ್ಲುಗಳು ಆಗಲೇ ಹರಡಿರುತ್ತವೆ. ಅವುಗಳ ನಡುವೆ ನಿಮ್ಮ ಎಕ್ಸ್‌ಟೆನ್ಷನ್ ವೈರೂ ಹರಿದಾಡಿದರೆ ಒಬ್ಬರಾದರೂ ಎಡವುತ್ತಾರೆ. ಎಡವದಿದ್ದರೆ ಮೊಬೈಲ್ ಚಾರ್ಜಿಗೆ ಹಾಕಲೆಂದು ನಿಮ್ಮ ಪ್ಲಗ್ಗನ್ನೇ ಕಿತ್ತಿರುತ್ತಾರೆ. ಇದು ಎಲ್ಲ ತಂಡಗಳಲ್ಲೂ ಆಗುತ್ತದೆ, ಮಾಡಿದವರು ಮಾತ್ರ ಯಾವತ್ತೂ ಸಿಗುವುದಿಲ್ಲ.

ಹಳ್ಳಿಯ ಪ್ರದರ್ಶನವಾದರೆ ಶಾಲೆಯ ಅಂಗಳ ಅಥವಾ ಗುಡಿಯ ಮುಂದಿನ ಬಯಲು. ಪ್ಲಗ್ ಇರುವುದು ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿ, ಬೀಗದ ಕೈ ಇರುವುದು ಅವರ ಮನೆಯಲ್ಲಿ. ಜನರೇಟರ್ ಬರುವುದು ಸಂಜೆಗೆ. ಬಂದರೂ ಅದರ ವೋಲ್ಟೇಜ್ ಏರಿಳಿಯುವುದರಿಂದ ಚಾರ್ಜರುಗಳನ್ನು ಅದಕ್ಕೆ ಸಿಕ್ಕಿಸಬೇಡಿ, ಊರು ಬಿಡುವ ಮುಂಚೆಯೇ ಎಲ್ಲ ಬ್ಯಾಟರಿಗಳನ್ನೂ ತುಂಬಿಸಿಕೊಳ್ಳಿ. 1985ರಿಂದ ನೀನಾಸಂ ತಿರುಗಾಟದವರು ನಾಟಕಗಳನ್ನು ಊರಿಂದೂರಿಗೆ ಒಯ್ಯುತ್ತಿದ್ದಾರೆ. ಅಂಥ ತಿರುಗುವ ರಂಗಭೂಮಿಯಲ್ಲಿ ಸಜ್ಜಿಕೆಯ ಮೊದಲ ಗುಣ ಅಂದವಲ್ಲ, ಬೇಗ ಕಳಚಿಕೊಳ್ಳುವುದು. ಹಳೆಯ ವೃತ್ತಿನಾಟಕ ಕಂಪನಿಗಳು ಈ ಸಮಸ್ಯೆಯನ್ನು ಸ್ಕ್ರೂ ಇಲ್ಲದೆಯೇ ಬಗೆಹರಿಸಿದ್ದವು: ಬಣ್ಣದ ಪರದೆ, ಹಗ್ಗ, ರಾಟೆ. ಅರಮನೆಯನ್ನು ಸುರುಳಿ ಸುತ್ತಿ ಗಾಡಿಗೆ ಹಾಕುತ್ತಿದ್ದರು. ನಮಗೆ ಬರೆದ ಅರಮನೆ ಸಾಲದು, ನಟ ಹತ್ತಿ ನಿಲ್ಲುವ ಅರಮನೆ ಬೇಕು ಅನ್ನಿಸಿದ ದಿನದಿಂದ ಈ ಸ್ಕ್ರೂಗಳ ಕಾಟ.

ಈಗ ಯಂತ್ರಗಳು. ಡ್ರಿಲ್ ಡ್ರೈವರ್, ಇಂಪ್ಯಾಕ್ಟ್ ಡ್ರೈವರ್ ಎರಡೂ ನೋಡಲು ಅಣ್ಣತಮ್ಮಂದಿರು, ಸ್ವಭಾವ ಬೇರೆ. ಡ್ರಿಲ್ಲಿನ ಕುತ್ತಿಗೆಯಲ್ಲಿ ಅಂಕಿಗಳಿರುವ ಬಳೆ ಇರುತ್ತದೆ, ಅದು ಕ್ಲಚ್. ಅಂಕಿ ಚಿಕ್ಕದಾದಷ್ಟೂ ಯಂತ್ರ ಬೇಗ ಕೈಬಿಡುತ್ತದೆ. ಆರು ಮಿಲಿಮೀಟರ್ ಪ್ಲೈಯನ್ನು ಎರಡಂಗುಲ-ಒಂದಂಗುಲದ ರೀಪರಿನ ಚೌಕಟ್ಟಿಗೆ ಹೊಡೆಯುತ್ತಿದ್ದೀರಿ ಎಂದುಕೊಳ್ಳಿ. ಬಳೆಯನ್ನು ಐದಕ್ಕೆ ಇಟ್ಟು ಶುರು ಮಾಡಿ. ಸ್ಕ್ರೂ ತಲೆ ಪ್ಲೈಯ ಮೇಲ್ಮೈಗೆ ಸಮವಾಗುವ ಮೊದಲೇ ಕಟಕಟ ಎಂದು ನಿಂತರೆ ಆರು, ಏಳು ಎಂದು ಏರಿಸುತ್ತಾ ಹೋಗಿ. ತಲೆ ಮೇಲ್ಮೈಗಿಂತ ಕೂದಲೆಳೆಯಷ್ಟು ಒಳಗೆ ಹೋಗಿ ನಿಂತ ಅಂಕಿಯನ್ನು ಚೌಕಟ್ಟಿನ ಮೇಲೆ ಪೆನ್ಸಿಲಿನಲ್ಲಿ ಬರೆದಿಡಿ. ಆಮೇಲೆ ತಂಡದಲ್ಲಿ ಯಾರು ಹೊಡೆದರೂ ಅಷ್ಟೇ ಆಳ.

ಇಂಪ್ಯಾಕ್ಟಿಗೆ ಇಂಥ ಕ್ಲಚ್ ಇಲ್ಲ. ಸ್ಕ್ರೂ ಹಗುರವಾಗಿ ತಿರುಗುವಷ್ಟು ಹೊತ್ತು ಸುಮ್ಮನೆ ತಿರುಗುತ್ತದೆ, ಪ್ರತಿರೋಧ ಹೆಚ್ಚಾದೊಡನೆ ಒಳಗಿನ ಸುತ್ತಿಗೆ ನಿಮಿಷಕ್ಕೆ 3,000ಕ್ಕೂ ಮಿಗಿಲಾದ ಪೆಟ್ಟುಗಳನ್ನು ಅಡ್ಡಲಾಗಿ ಕೊಡುತ್ತದೆ. ಕಿವಿಗೆ ಹಿಂಸೆ, ಆದರೆ ಮಣಿಕಟ್ಟಿಗೆ ಸುಖ. ಡ್ರಿಲ್ ಸಿಕ್ಕಿಬಿದ್ದರೆ ನಿಮ್ಮ ಕೈಯನ್ನೇ ತಿರುಚುತ್ತದೆ, ಇಂಪ್ಯಾಕ್ಟ್ ಆ ಬಲವನ್ನು ಕೈಗೆ ಬಿಡುವುದಿಲ್ಲ. ಏಣಿಯ ಮೇಲೆ ಒಂದು ಕೈಯಲ್ಲಿ ಚೌಕಟ್ಟು ಹಿಡಿದು ಇನ್ನೊಂದರಲ್ಲಿ ಬಿಗಿಯುವವನಿಗೆ ಇದರ ಬೆಲೆ ಗೊತ್ತು. ಮೂರಂಗುಲದ ಸ್ಕ್ರೂವನ್ನು ಲೆವೆಲ್ಲಿನ ಕಾಲಿಗೆ ಇಳಿಸಲು, ಮಳೆಗಾಲದಲ್ಲಿ ಉಬ್ಬಿ ಕೂತ ಸ್ಕ್ರೂ ಕೀಳಲು ಇಂಪ್ಯಾಕ್ಟೇ ಸರಿ. ತೆಳು ಪ್ಲೈಗೆ ಮಾತ್ರ ಬೇಡ. ಬೆರಳು ಒಂದು ಕ್ಷಣ ಹೆಚ್ಚು ಒತ್ತಿದರೂ ಸ್ಕ್ರೂ ತಲೆ ಪ್ಲೈಯನ್ನು ಸೀಳಿಕೊಂಡು ಆಚೆ ಹೋಗಿಬಿಡುತ್ತದೆ. ನಿಮ್ಮ ಬಡಗಿಗೆ ಇಂಪ್ಯಾಕ್ಟಿನ ಮೇಲೆ ಸಿಟ್ಟಿದ್ದರೆ ಇಂಥದ್ದನ್ನೇ ಎಲ್ಲೋ ನೋಡಿರಬೇಕು.

ಎರಡೂ ಯಂತ್ರ ಬೇಕೆನ್ನುವುದಕ್ಕೆ ಇನ್ನೊಂದು ಕಾರಣವಿದೆ. ಸಿಲ್ವರ್ ಓಕ್ ರೀಪರ್ ಅಗ್ಗ, ಹಗುರ, ಎಲ್ಲ ಕಡೆ ಸಿಗುತ್ತದೆ. ಆದರೆ ತುದಿಯಲ್ಲಿ ನೇರವಾಗಿ ಸ್ಕ್ರೂ ಹಾಕಿದರೆ ಸೀಳುತ್ತದೆ. ತುದಿಯಿಂದ ಒಂದಂಗುಲದೊಳಗೆ ಹಾಕುವ ಪ್ರತಿ ಸ್ಕ್ರೂವಿಗೂ ಮೊದಲು ಮೂರು ಮಿಲಿಮೀಟರ್ ತೂತು ಕೊರೆಯಬೇಕು. ಒಂದೇ ಯಂತ್ರವಿದ್ದರೆ ಪ್ರತಿ ಸಲ ಕೊರೆಯುವ ಬಿಟ್ (ಯಂತ್ರದ ಮೂತಿಗೆ ಸಿಕ್ಕಿಸುವ ಉಕ್ಕಿನ ತುಂಡು) ತೆಗೆದು ಸ್ಕ್ರೂ ಬಿಟ್ ಹಾಕಬೇಕು. ಹತ್ತು ಸ್ಕ್ರೂ ಆದ ಮೇಲೆ ಬೇಸರವಾಗಿ ಕೊರೆಯುವುದನ್ನೇ ಬಿಡುತ್ತೀರಿ, ರೀಪರ್ ಸೀಳುತ್ತದೆ. ಎರಡಿದ್ದರೆ ಒಂದರಲ್ಲಿ ಕೊರೆದು ಇನ್ನೊಂದರಲ್ಲಿ ಇಳಿಸಬಹುದು.

ಯಂತ್ರಕ್ಕಿಂತ ಹೆಚ್ಚು ಹೊತ್ತು ಹಾಳುಮಾಡುವುದು ಸ್ಕ್ರೂವಿನ ತಲೆ, ಅದರ ಬಗ್ಗೆ ಯಾವ ಅಂಗಡಿಯವನೂ ಹೇಳುವುದಿಲ್ಲ. ಜಿಪ್ಸಂ ಹಲಗೆಗೆಂದು ಮಾಡಿದ ಕಪ್ಪು ಸ್ಕ್ರೂಗಳನ್ನು ನಾವು ಎಲ್ಲದಕ್ಕೂ ಬಳಸುತ್ತೇವೆ. ಬಿರುಸಾದ ಉಕ್ಕು, ಬಾಗುವುದಿಲ್ಲ, ತುಂಡಾಗುತ್ತದೆ. ಫ್ಲ್ಯಾಟಿಗೆ ಪ್ಲೈ ಹೊಡೆಯಲು ಆಗಬಹುದು. ಮನುಷ್ಯರ ಭಾರ ಹೊರುವ ಲೆವೆಲ್ಲಿನ ಕಾಲನ್ನು ಬರೀ ಅಂಥ ಸ್ಕ್ರೂಗಳ ಮೇಲೆ ನಿಲ್ಲಿಸಬೇಡಿ. ಅಲ್ಲಿ 10 ಮಿಲಿಮೀಟರಿನ ಬೋಲ್ಟು, ವಾಷರು, ನಟ್ಟು ಇರಲಿ. ಬೋಲ್ಟನ್ನು ಇಂಪ್ಯಾಕ್ಟಿನಲ್ಲಿ ತಾಗುವವರೆಗೆ ಮಾತ್ರ ಓಡಿಸಿ, ಕೊನೆಯ ಬಿಗಿ ಪಾನಾದಿಂದ ಕೈಯಲ್ಲೇ ಆಗಲಿ. ಯಂತ್ರದಲ್ಲಿ ಕಚ್ಚಿಸಿದ ನಟ್ಟನ್ನು ರಾತ್ರಿ ಹತ್ತು ಗಂಟೆಗೆ, ಬ್ಯಾಟರಿ ಮುಗಿದ ಹೊತ್ತಿನಲ್ಲಿ, ಕೈಯಿಂದ ಬಿಚ್ಚುವುದು ಯಾರಿಂದಲೂ ಆಗದು.

ಸ್ಕ್ರೂ ತಲೆಯನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಿ. ಕೂಡುಗುರುತಿನ ನಾಲ್ಕು ತೋಳುಗಳ ನಡುವೆ ಸಣ್ಣ ಓರೆಗೀರುಗಳಿದ್ದರೆ ಅದು ಪೋಜಿಡ್ರೈವ್, ಇಲ್ಲದಿದ್ದರೆ ಫಿಲಿಪ್ಸ್. ಎರಡಕ್ಕೂ ಬೇರೆ ಬೇರೆ ಬಿಟ್. ಒಂದರ ಬಿಟ್ಟನ್ನು ಇನ್ನೊಂದಕ್ಕೆ ಹಾಕಿದರೆ ಹೊಂದಿದಂತೆಯೇ ಕಾಣುತ್ತದೆ, ಬಲ ಬಿದ್ದಾಗ ಜಾರಿ ತಲೆಯನ್ನು ಗುಂಡಗೆ ತುರಿದುಬಿಡುತ್ತದೆ. ಬಿಟ್ಟುಗಳನ್ನು ಡಜನ್‌ಗಟ್ಟಲೆ ಕೊಳ್ಳಿ, ಇಂಪ್ಯಾಕ್ಟಿಗೆಂದೇ ಮಾಡಿದವನ್ನೇ ಕೊಳ್ಳಿ, ಮೂತಿ ಸವೆದದ್ದನ್ನು ಕರುಣೆಯಿಲ್ಲದೆ ಎಸೆಯಿರಿ. ಸವೆದ ಬಿಟ್ಟನ್ನು ಪೆಟ್ಟಿಗೆಗೆ ವಾಪಸ್ ಹಾಕುವವನು ತಂಡದ ಶತ್ರು.

ಬಣ್ಣದವರ ಕಥೆ ಇನ್ನೊಂದು. ಸೆಟ್ ನಿಂತ ಮೇಲೆ ಅವರು ಬಂದು ಸ್ಕ್ರೂ ತಲೆಗಳ ಮೇಲೂ ಧಾರಾಳವಾಗಿ ಡಿಸ್ಟೆಂಪರ್ ಬಳಿಯುತ್ತಾರೆ. ನೋಡುವವರಿಗೆ ಚಂದ. ಬಿಚ್ಚುವ ಹೊತ್ತಿಗೆ ಒಣಗಿದ ಬಣ್ಣ ಸ್ಕ್ರೂವಿನ ಗುಳಿಯಲ್ಲಿ ಗಾರೆಯಾಗಿರುತ್ತದೆ, ಬಿಟ್ ಒಳಗೆ ಕೂರುವುದಿಲ್ಲ, ಯಂತ್ರ ಎಷ್ಟು ಬಲಶಾಲಿಯಾದರೂ ಸ್ಕ್ರೂವಿನ ತಲೆ ಸವೆದುಹೋಗುತ್ತದೆ. ಬಿಚ್ಚಬೇಕಾದ ಸ್ಕ್ರೂಗಳ ಮೇಲೆ ಬಣ್ಣಕ್ಕೆ ಮೊದಲೇ ಕಾಗದದ ಟೇಪಿನ ಚೂರು ಅಂಟಿಸಿ, ಬಣ್ಣ ಆದ ಮೇಲೆ ಕಿತ್ತು ಬೆರಳಲ್ಲಿ ಒಂದು ಚುಕ್ಕಿ ಬಣ್ಣ ತಾಗಿಸಿ. ಮರೆತಿದ್ದರೆ ಬಿಚ್ಚುವವರ ಜೇಬಿನಲ್ಲಿ ಚೂಪಾದ ಮೊಳೆಯೊಂದಿರಲಿ, ಗುಳಿಯನ್ನು ಕೆರೆದು ಆಮೇಲೆ ಯಂತ್ರ ಹಚ್ಚಲಿ. ಗುಳಿ ಚೊಕ್ಕಟವಿಲ್ಲದೆ ಎಷ್ಟು ವೋಲ್ಟಿದ್ದರೂ ವ್ಯರ್ಥ.

ವೋಲ್ಟಿನ ಪ್ರಶ್ನೆಗೆ ಬರೋಣ. 18 ವೋಲ್ಟ್ ಎಂದರೆ 3.6 ವೋಲ್ಟಿನ ಐದು ಲಿಥಿಯಂ ಕೋಶಗಳ ಸಾಲು. 12 ಎಂದು ಬರೆದಿರುವುದು ಮೂರು ಕೋಶಗಳದು, ಅದರ ನಿಜವಾದ ಲೆಕ್ಕ 10.8. ಕೆಲವರು ಅದೇ ಐದು ಕೋಶಗಳನ್ನು 20 ವೋಲ್ಟ್ ಎಂದು ಬರೆಯುತ್ತಾರೆ. ತುಂಬಿದ ಕ್ಷಣದ ಅಂಕಿ ಅದು, ಹೆಚ್ಚು ಬಲವೇನೂ ಇಲ್ಲ, ಮರುಳಾಗಬೇಡಿ. ನಿಮ್ಮ ಸೆಟ್ಟುಗಳು ರೀಪರು ಮತ್ತು ತೆಳು ಪ್ಲೈಯವೇ ಆಗಿದ್ದರೆ 12 ವೋಲ್ಟಿನ ಜೋಡಿ ಧಾರಾಳ ಸಾಕು. ಬ್ಯಾಟರಿ ಸೇರಿ ಒಂದು ಕಿಲೋ ಆಸುಪಾಸಿನ ತೂಕ, ತಲೆಯ ಮೇಲೆ ಕೈಯೆತ್ತಿ ಮಾಡುವ ಕೆಲಸಕ್ಕೆ ಅದಕ್ಕಿಂತ ಹಿತವಾದದ್ದಿಲ್ಲ. ದೊಡ್ಡ ಲೆವೆಲ್ಲು, ಮೆಟ್ಟಿಲು, ಕಬ್ಬಿಣದ ಚೌಕ ಪೈಪಿನ ಚೌಕಟ್ಟಿಗೆ ಪ್ಲೈ ಕೂರಿಸುವುದು ಇದ್ದರೆ 18. ನೀವು ಮುಂದೆ ಬೆಳೆಯುವ ತಂಡ ಎಂದುಕೊಂಡು 18 ಹೇಳುತ್ತೇನೆ, ಆದರೆ ಚಿಕ್ಕ 2 ಆಂಪಿಯರ್-ಅವರ್ ಬ್ಯಾಟರಿಗಳ ಜೊತೆಗೆ. ದೊಡ್ಡ ಬ್ಯಾಟರಿ ಹಾಕಿಕೊಂಡು ಏಣಿ ಹತ್ತಿದರೆ ಅದರ ತೂಕ ನಿಮ್ಮ ಭುಜಕ್ಕೆ ತಿಳಿಯುತ್ತದೆ. ಬ್ರಷ್‌ಲೆಸ್ ಮೋಟಾರು ಇರುವುದನ್ನೇ ಆರಿಸಿ. ಕಾರ್ಬನ್ ಬ್ರಷ್ ಸವೆಯುವ ಗೋಳಿಲ್ಲ, ಅದೇ ಬ್ಯಾಟರಿಯಲ್ಲಿ ಹೆಚ್ಚು ಹೊತ್ತು ಓಡುತ್ತದೆ.

ನಿಮ್ಮ ಹಿರಿಯ ಬಡಗಿಯನ್ನು ತಳ್ಳಿಹಾಕಬೇಡಿ. ಬ್ಯಾಟರಿ ಡ್ರಿಲ್ ಹೊಸದೇನಲ್ಲ, ಬ್ಲ್ಯಾಕ್ ಅಂಡ್ ಡೆಕರ್ ಅದನ್ನು ತಂದದ್ದು 1961ರಲ್ಲೇ. ಆದರೆ ದಶಕಗಳ ಕಾಲ ಅದರೊಳಗಿದ್ದದ್ದು ನಿಕ್ಕಲ್-ಕ್ಯಾಡ್ಮಿಯಂ. ತೂಕ ಜಾಸ್ತಿ, ಬಲ ಕಡಿಮೆ, ಪೆಟ್ಟಿಗೆಯಲ್ಲಿ ಇಟ್ಟಲ್ಲೇ ವಾರಗಳಲ್ಲಿ ಇಳಿದುಹೋಗುವ ಚಾರ್ಜು. ಲಿಥಿಯಂ ಬ್ಯಾಟರಿಗಳು ಈ ಉಪಕರಣಗಳಿಗೆ ಬಂದದ್ದು 2003ರಿಂದ ಈಚೆಗೆ. ಅವರು ಆಟಿಕೆ ಎನ್ನುವುದು ಆ ಹಳೆಯ ಯಂತ್ರಗಳನ್ನು ನೆನೆದಿರಬೇಕು. ಗರಗಸದ ವಿಷಯದಲ್ಲಂತೂ ಅವರ ಮಾತು ಇಂದಿಗೂ ನಿಮ್ಮಂಥ ತಂಡಕ್ಕೆ ಸತ್ಯ. ಒಂದು ದಿನ ಅವರನ್ನು ಕರೆಸಿ ಕೈಗರಗಸ ಹಿಡಿಯುವುದನ್ನು ಕಲಿಯಿರಿ. ಹರಿತವಾದ ಕೈಗರಗಸಕ್ಕೆ ಎರಡಂಗುಲದ ರೀಪರ್ ತುಂಡು ಮಾಡಲು ಅರ್ಧ ನಿಮಿಷ ಸಾಕು. ಪ್ರದರ್ಶನದ ಊರಿನಲ್ಲಿ ಬಾಗಿಲು ಅರ್ಧಂಗುಲ ಉದ್ದವಾಯಿತೆಂದು ಗೊತ್ತಾದಾಗ ನಿಮ್ಮನ್ನು ಕಾಯುವುದು ಅದೇ. ಜೊತೆಗೆ ಉಳಿ, ಕೊಡತಿ, ಒಳ್ಳೆಯ ತಿರುಪುಳಿ. ನಾಟಕ ನಡೆಯುತ್ತಿರುವಾಗ ಕೀಲು ಸಡಿಲವಾದರೆ ನೇಪಥ್ಯದಲ್ಲಿ ಇಂಪ್ಯಾಕ್ಟ್ ಒತ್ತುವಂತಿಲ್ಲ, ಸೀತಾಪಹರಣದ ನಡುವೆ ಟಟಟಟ ಕೇಳಿದರೆ ಪುಷ್ಪಕ ವಿಮಾನ ಕೆಟ್ಟಿತೆಂದು ಪ್ರೇಕ್ಷಕರು ನಗುತ್ತಾರೆ. ವಿಂಗಿನ (ರಂಗದ ಬದಿಯ ಮರೆಯ) ಪಕ್ಕ ಕೈ ತಿರುಪುಳಿಯೊಂದು ದಾರದಲ್ಲಿ ನೇತಾಡುತ್ತಿರಲಿ.

ಒಂದು ವಿಷಯದಲ್ಲಿ ಮಾತ್ರ ಹಿರಿಯರನ್ನೂ ಕಿರಿಯರನ್ನೂ ಒಟ್ಟಿಗೆ ಬೈಯುತ್ತೇನೆ. ನಮ್ಮ ಕಡೆ ಪ್ಲೈ ಕೊಯ್ಯಲು ಸರ್ಕ್ಯುಲರ್ ಗರಗಸದ ಬದಲು ನಾಲ್ಕಂಗುಲದ ಮಾರ್ಬಲ್ ಕಟರಿಗೆ ಮರದ ಅಲಗು ಹಾಕಿ ಬಳಸುವುದು ರೂಢಿ. ಅಗ್ಗ, ಹಗುರ, ಎಲ್ಲರ ಬಳಿಯೂ ಇದೆ. ಆದರೆ ಅದು ತಿರುಗುವುದು ಗರಗಸದ ಎರಡು ಪಟ್ಟಿಗಿಂತ ಹೆಚ್ಚು ವೇಗದಲ್ಲಿ, ಕೆಳಗಿನ ಅಲಗನ್ನು ತಾನಾಗಿ ಮುಚ್ಚುವ ರಕ್ಷಾಕವಚವೂ ಅದಕ್ಕಿಲ್ಲ. ಕೊಯ್ದು ಮುಗಿಸಿ ನೆಲಕ್ಕಿಡುವಾಗ ಅಲಗು ಇನ್ನೂ ತಿರುಗುತ್ತಿರುತ್ತದೆ. ಗ್ರೈಂಡರಿಗೆ ಹಲ್ಲಿನ ಮರದ ಅಲಗು ಹಾಕುವುದು ಇನ್ನೂ ಘೋರ, ಅದು ಮರಕ್ಕೆ ಕಚ್ಚಿಕೊಂಡರೆ ಯಂತ್ರವೇ ಮುಖಕ್ಕೆ ಹಾರುತ್ತದೆ. ಅನುಭವಿ ಬಡಗಿಗಳೇ ಬೆರಳು ಕಳೆದುಕೊಂಡಿರುವ ಕೆಲಸ ಇದು. ಕಾಲೇಜು ಹುಡುಗ ಹುಡುಗಿಯರಿರುವ ಹವ್ಯಾಸಿ ತಂಡದಲ್ಲಿ ಬೇಡವೇ ಬೇಡ.

ಕಿಟ್ಟಿನಲ್ಲಿರುವ ಬ್ಯಾಟರಿ ಗ್ರೈಂಡರಿನ ಮೇಲೆ ನನಗೆ ಇನ್ನೊಂದು ಸಿಟ್ಟು. ವೈರಿನ ಗ್ರೈಂಡರಾದರೆ ಪ್ಲಗ್ ಇರುವ ಹಿತ್ತಿಲಲ್ಲೇ ಉಳಿಯುತ್ತದೆ. ಬ್ಯಾಟರಿಯದಾದರೆ ಅವಸರದಲ್ಲಿ ಯಾರಾದರೂ ರಂಗದ ಮೇಲೆಯೇ ಪೈಪಿನ ತುದಿ ಕತ್ತರಿಸಲು ಹೊರಡುತ್ತಾರೆ. ಅದರ ಕಿಡಿಗಳು ಹಲವು ಅಡಿ ಹಾರುತ್ತವೆ. ಎದುರಿಗೆ ಮಖಮಲ್ಲಿನ ಪರದೆ, ಪಕ್ಕದಲ್ಲಿ ಥರ್ಮಕೋಲಿನ ಕಂಬ. ರಂಗದ ಮೇಲೆ ಕಿಡಿ ಹಾರುವ ಯಾವ ಕೆಲಸವೂ ಇಲ್ಲ ಎಂದು ಇಂದೇ ನಿಯಮ ಮಾಡಿಕೊಳ್ಳಿ.

ಬ್ಯಾಟರಿಯ ಆರೈಕೆ. ಅದನ್ನು ಕೊಲ್ಲುವುದು ಕೆಲಸವಲ್ಲ, ಶಾಖ. ನಲವತ್ತು ಡಿಗ್ರಿ ಮೀರಿದ ಜಾಗದಲ್ಲಿ ಚಾರ್ಜ್ ಮಾಡಬೇಡಿ ಎನ್ನುವುದು ಬಹುತೇಕ ತಯಾರಕರ ಮಾತು. ಏಪ್ರಿಲ್-ಮೇ ತಿಂಗಳ ರಾಯಚೂರು, ಕಲಬುರಗಿಯಲ್ಲಿ ನೆರಳಿನಲ್ಲೇ ಅಷ್ಟಿರುತ್ತದೆ, ತಗಡಿನ ಚಾವಣಿಯ ಗೋದಾಮಿನೊಳಗೆ ಕೇಳುವುದೇ ಬೇಡ. ಅಲ್ಲಿಗೆ ಹೋದರೆ ಚಾರ್ಜಿಂಗ್ ರಾತ್ರಿಗೆ ಇಟ್ಟುಕೊಳ್ಳಿ, ಬಿಸಿಲಲ್ಲಿ ನಿಂತ ವ್ಯಾನಿನಲ್ಲಿ ಬ್ಯಾಟರಿ ಬಿಡಬೇಡಿ. ಕೆಲಸ ಮುಗಿದು ಬಿಸಿಯಾದದ್ದನ್ನು ಆರಿದ ಮೇಲೆಯೇ ಚಾರ್ಜಿಗೆ ಹಾಕಿ. ಎರಡು ನಾಟಕಗಳ ನಡುವಿನ ತಿಂಗಳುಗಳಲ್ಲಿ ಪೂರ್ತಿ ಖಾಲಿಯೂ ಬೇಡ, ಪೂರ್ತಿ ತುಂಬಿಯೂ ಬೇಡ, ಅರ್ಧದಷ್ಟು ಇರಲಿ. ಚಾರ್ಜರ್ ಸಿಮೆಂಟು ನೆಲ ಅಥವಾ ಕಲ್ಲುಹಾಸಿನ ಮೇಲಿರಲಿ. ವೇಷಭೂಷಣದ ಬುಟ್ಟಿ, ಥರ್ಮಕೋಲು, ಬಣ್ಣದ ಡಬ್ಬಿಗಳಿರುವ ಕೋಣೆಯಲ್ಲಿ ರಾತ್ರಿಯಿಡೀ ಯಾರೂ ಇಲ್ಲದಾಗ ಚಾರ್ಜ್ ಮಾಡುವುದು ಅನಾಹುತಕ್ಕೆ ಆಹ್ವಾನ. ನೀರಿನಲ್ಲಿ ನೆನೆದದ್ದು, ಬಿದ್ದು ಬಿರುಕುಬಿಟ್ಟದ್ದು, ಉಬ್ಬಿದ್ದು ಮತ್ತೆ ಚಾರ್ಜಿಗೆ ಹೋಗಬಾರದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಸತ್ತ ಬ್ಯಾಟರಿ ವಾಪಸ್ ಪಡೆಯುವ ಹೊಣೆಯನ್ನು ತಯಾರಕರ ಮೇಲೆಯೇ ಹೊರಿಸಿವೆ, ಸರ್ವಿಸ್ ಸೆಂಟರಿಗೆ ಒಯ್ದು ಕೊಡಿ.

ಅರ್ಧ ಬೆಲೆಗೆ ಸಿಗುವ ನಕಲಿ ಬ್ಯಾಟರಿಗಳ ಬಗ್ಗೆಯೂ ಎಚ್ಚರವಿರಲಿ. 5 ಆಂಪಿಯರ್-ಅವರ್‌ನ ಸಾಮಾನ್ಯ ಮಾದರಿಯಲ್ಲಿ ಹೆಬ್ಬೆರಳು ಗಾತ್ರದ ಹತ್ತು ಕೋಶಗಳಿರುತ್ತವೆ, ಒಂದೊಂದೂ 45 ಗ್ರಾಂ ಆಸುಪಾಸು. ಅದೇ ಮಾದರಿಯ ಅಸಲಿಯನ್ನೂ ನಕಲಿಯನ್ನೂ ಅಡುಗೆಮನೆಯ ತಕ್ಕಡಿಯಲ್ಲಿ ಇಟ್ಟು ನೋಡಿ. ಇನ್ನೂರು ಗ್ರಾಂ ವ್ಯತ್ಯಾಸ ಬಂದರೆ ದೊಡ್ಡ ಡಬ್ಬಿಯೊಳಗೆ ಐದೇ ಕೋಶಗಳನ್ನು ತುಂಬಿ ಹತ್ತರ ದುಡ್ಡು ಕೇಳುತ್ತಿದ್ದಾರೆಂದು ಅರ್ಥ.

ಬಿಚ್ಚುವ ಹೊತ್ತಿನ ಬಗ್ಗೆ ಒಂದು ಮಾತು, ಅದನ್ನು ಯಾರೂ ಯೋಜಿಸುವುದಿಲ್ಲ. ನಾಟಕ ಮುಗಿದು ಅಭಿನಂದನೆ, ಫೋಟೊ ಎಲ್ಲ ಆದ ಮೇಲೆ ಸಭಾಂಗಣದ ಕಾವಲುಗಾರ ಬೀಗದ ಕೈಗಳ ಗೊಂಚಲು ಅಲ್ಲಾಡಿಸುತ್ತಾ ನಿಂತಿರುತ್ತಾನೆ. ಆಗ ಯಂತ್ರ ಹಿಡಿಯುವವರು ಬಣ್ಣ ಅಳಿಸಿಕೊಳ್ಳದ ನಟರು. ಆದ್ದರಿಂದ ತಾಲೀಮಿನ ದಿನಗಳಲ್ಲೇ ಎಲ್ಲರಿಗೂ ಕಲಿಸಿ: ದಿಕ್ಕು ಬದಲಿಸುವ ಗುಂಡಿ ಎಲ್ಲಿದೆ, ಯಂತ್ರವನ್ನು ಸ್ಕ್ರೂವಿನ ನೇರಕ್ಕೆ ಹೇಗೆ ಒತ್ತಿ ಹಿಡಿಯಬೇಕು, ಬಿಟ್ ಬದಲಿಸುವ ಮೊದಲು ಬ್ಯಾಟರಿ ಏಕೆ ತೆಗೆಯಬೇಕು. ದೊಗಲೆ ತೋಳು, ಜೋತುಬಿದ್ದ ಶಲ್ಯ, ಕಟ್ಟದ ಕೂದಲು, ಬಳೆ ಯಾವುದೂ ತಿರುಗುವ ಯಂತ್ರದ ಹತ್ತಿರ ಬರಬಾರದು. ಪೌರಾಣಿಕ ನಾಟಕವಾದರೆ ಇವೆಲ್ಲ ಒಬ್ಬರ ಮೈಮೇಲೆಯೇ ಇರುತ್ತವೆ. ಒಬ್ಬರು ಬಿಚ್ಚಲಿ, ಇನ್ನೊಬ್ಬರು ಫ್ಲ್ಯಾಟ್ ಹಿಡಿದಿರಲಿ, ಮೂರನೆಯವರು ಸ್ಕ್ರೂ ಆರಿಸಿ ಡಬ್ಬಿಗೆ ಹಾಕಲಿ. ಎತ್ತರದಲ್ಲಿ ಕೆಲಸ ಮಾಡುವವರ ಯಂತ್ರಕ್ಕೆ ಮಣಿಕಟ್ಟಿನ ಬದಲು ಏಣಿಗೋ ಕಂಬಿಗೋ ಕಟ್ಟಿದ ಗಟ್ಟಿ ಹಗ್ಗವಿರಲಿ. ಒಂದೂವರೆ ಕಿಲೋ ಕಬ್ಬಿಣ ಹದಿನೈದಡಿ ಮೇಲಿನಿಂದ ಬಿದ್ದರೆ ಏನಾಗುತ್ತದೆಂದು ವಿವರಿಸಬೇಕಿಲ್ಲ.

ಹಾಗಾದರೆ 40,000 ರೂಪಾಯಿ ಹೇಗೆ ಖರ್ಚು ಮಾಡುವುದು? ಅರ್ಧಕ್ಕಿಂತ ತುಸು ಹೆಚ್ಚು ಒಂದೇ ಕಂಪನಿಯ 18 ವೋಲ್ಟಿನ ಡ್ರಿಲ್-ಇಂಪ್ಯಾಕ್ಟ್ ಜೋಡಿಗೆ, ನಾಲ್ಕು ಚಿಕ್ಕ ಬ್ಯಾಟರಿಗಳಿಗೆ, ಸಾಧ್ಯವಾದರೆ ಎರಡನೆಯ ಚಾರ್ಜರಿಗೆ. ಉಳಿದದ್ದರಲ್ಲಿ ವೈರಿನ ಸರ್ಕ್ಯುಲರ್ ಗರಗಸ, ಕಮಾನು ಬಾಗಿಲು ಮತ್ತು ಮರದ ಎಲೆಗಳ ವಕ್ರರೇಖೆ ಕೊಯ್ಯಲು ವೈರಿನ ಜಿಗ್‌ಸಾ, ಎಂಟು-ಹತ್ತು ಕ್ಲ್ಯಾಂಪುಗಳು, ಕನ್ನಡಕ, ಕಿವಿಮುಚ್ಚುಕ. ಕೊನೆಯ ಎರಡನ್ನು ಬಿಡಬೇಡಿ. ಮುಚ್ಚಿದ ಸಭಾಂಗಣದಲ್ಲಿ ಇಂಪ್ಯಾಕ್ಟಿನ ಸದ್ದು ಕಿವಿಯನ್ನು ನಿಜಕ್ಕೂ ಕೆಡಿಸುತ್ತದೆ. ಹಣ ಸಾಲದಿದ್ದರೆ ಜಿಗ್‌ಸಾ ಬಾಡಿಗೆಗೆ ತನ್ನಿ, ಬ್ಯಾಟರಿಯ ಸಂಖ್ಯೆ ಇಳಿಸಬೇಡಿ.

ಬಾಷ್, ಮಕಿತಾ, ಡಿವಾಲ್ಟ್ ಯಾವುದಾದರೂ ಆದೀತು, ನಿಮ್ಮ ಕೆಲಸಕ್ಕೆ ಅವುಗಳ ನಡುವಿನ ವ್ಯತ್ಯಾಸ ತಿಳಿಯುವುದೇ ಇಲ್ಲ. ಕೇಳಬೇಕಾದದ್ದು ಎರಡು. ನಿಮ್ಮ ಜಿಲ್ಲೆಯಲ್ಲಿ ಯಾರ ಸರ್ವಿಸ್ ಸೆಂಟರ್ ಇದೆ? ನೆರೆಯ ನಾಟಕ ತಂಡದವರ ಬಳಿ ಯಾವುದಿದೆ? ಒಂದು ಕಂಪನಿಯ ಬ್ಯಾಟರಿ ಇನ್ನೊಂದಕ್ಕೆ ಕೂರುವುದಿಲ್ಲ. ನಾಟಕೋತ್ಸವದಲ್ಲಿ ನಿಮ್ಮದು ಮುಗಿದಾಗ ಪಕ್ಕದ ತಂಡದಿಂದ ಕಡ ತರಬೇಕಾದರೆ ಇಬ್ಬರದೂ ಒಂದೇ ಜಾತಿಯದಾಗಿರಬೇಕು.

ಮುಂಬಯಿ, ದೆಹಲಿಯ ಕನ್ನಡ ಸಂಘಗಳು ವಿಮಾನದ ಟಿಕೆಟ್ ಕೊಟ್ಟು ಕರೆಸಿದರೆ ಯಂತ್ರದ ದೇಹವನ್ನು ಕೆಳಗೆ ಹೋಗುವ ಸಾಮಾನಿಗೆ ಹಾಕಿ, ಬಿಡಿ ಬ್ಯಾಟರಿಗಳನ್ನು ತುದಿಗೆ ಟೇಪು ಸುತ್ತಿ ಕೈಚೀಲದಲ್ಲಿ ಇಟ್ಟುಕೊಳ್ಳಿ. ನೂರು ವ್ಯಾಟ್-ಅವರ್ ಒಳಗಿನದಕ್ಕೆ ಸಾಮಾನ್ಯವಾಗಿ ತಕರಾರಿಲ್ಲ. 5 ಆಂಪಿಯರ್-ಅವರ್‌ನದು ಆ ಮಿತಿಯೊಳಗೆ, 6ರದು 108 ಆಗಿ ಮಿತಿ ಮೀರುತ್ತದೆ, ಅದಕ್ಕೆ ವಿಮಾನಯಾನ ಸಂಸ್ಥೆಯ ಒಪ್ಪಿಗೆ ಮೊದಲೇ ಬೇಕು.

ಅಮೆರಿಕದ ಅಣ್ಣನ ಉಡುಗೊರೆಗೂ ಇದೇ ನಿಯಮ. ಅಲ್ಲಿ ಇವು ಅಗ್ಗ, ಹಬ್ಬದ ಮಾರಾಟದಲ್ಲಿ ಇನ್ನೂ ಅಗ್ಗ, ಆಸೆ ಸಹಜ. ಇಲ್ಲಿಯೂ ಮಾರಾಟವಾಗುವ ಕಂಪನಿಯದಾಗಿದ್ದರೆ ದೇಹವನ್ನು ಮಾತ್ರ ತರಲು ಹೇಳಿ. ನಮ್ಮ ಬ್ಯಾಟರಿ ಅದಕ್ಕೆ ಕೂರುತ್ತದೆಯೇ ಎಂದು ಮಾದರಿ ಸಂಖ್ಯೆ ಇಟ್ಟುಕೊಂಡು ಮೊದಲೇ ಇಲ್ಲಿನ ಸರ್ವಿಸ್ ಸೆಂಟರಿನಲ್ಲಿ ವಿಚಾರಿಸಿ. ಅಲ್ಲಿನ ವಾರಂಟಿ ಇಲ್ಲಿ ನಡೆಯುತ್ತದೆಂದು ಲೆಕ್ಕ ಇಟ್ಟುಕೊಳ್ಳಬೇಡಿ. ಚಾರ್ಜರ್ ಮಾತ್ರ ಬೇಡ. ಅಲ್ಲಿನದು ಸಾಮಾನ್ಯವಾಗಿ 120 ವೋಲ್ಟಿಗೆ ಮಾಡಿದ್ದು, ನಮ್ಮ ಗೋಡೆಯಲ್ಲಿರುವುದು 230. ಪ್ಲಗ್ಗಿನ ಆಕಾರ ಬದಲಿಸುವ ಅಡಾಪ್ಟರ್ ವೋಲ್ಟೇಜ್ ಬದಲಿಸುವುದಿಲ್ಲ. ಆಗಲೇ ತಂದಿದ್ದರೆ ಚಾರ್ಜರಿನ ತಳದ ಚೀಟಿ ಓದಿ: 100ರಿಂದ 240 ಎಂದಿದ್ದರೆ ಬಳಸಿ, ಬರೀ 120 ಎಂದಿದ್ದರೆ ಅವರು ವಾಪಸ್ ಹೋಗುವಾಗ ಕೊಟ್ಟು ಕಳಿಸಿ.